ಆಪಾ ಬಿಟ್ಟುಹೋದ ಮನೆ

ಗುರುಮಠಕಲ್‌ನಲ್ಲಿ ನಮ್ಮ ಓಣಿಗೆ ಹೊಸಬರು ಬಂದರೆ ಮೊದಲು ಒಂದು ಕೊಡ ನೀರು ಬರುತ್ತದೆ, ಅದರ ಹಿಂದೆಯೇ ಹತ್ತಾರು ಪ್ರಶ್ನೆಗಳು ಬರುತ್ತವೆ. ಯಾರು, ಯಾವ ಊರು, ಮಕ್ಕಳೆಷ್ಟು ಅಂತ. ಶಹಾಪುರದ ಈ ಓಣಿಗೆ ನಾವು ಸಾಮಾನು ಇಳಿಸಿದ ದಿನ ನೀರೂ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಟ್ರಂಕು, ಗ್ಯಾಸಿನ ಸಿಲಿಂಡರು, ನನ್ನ ಮಗಳ ಸೈಕಲ್ಲು ಒಂದೊಂದಾಗಿ ಒಳಗೆ ಹೋದವು. ಆಮೇಲೆ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು.

ನನ್ನ ಗಂಡ ಬಸ್ ಡ್ರೈವರ್. ಶಹಾಪುರ ಡಿಪೋಗೆ ವರ್ಗವಾದಾಗ ಯಾರೋ ಪರಿಚಯದವರ ಮೂಲಕ ಈ ಮನೆ ಸಿಕ್ಕಿತ್ತು. ಎರಡು ಖೋಲಿ, ನೆಲಕ್ಕೆ ಫರ್ಸಿ, ಅಂಗಳದಲ್ಲಿ ಆಳೆತ್ತರದ ಮದರಂಗಿ ಗಿಡ. ನನಗೆ ಮನೆ ಹಿಡಿಸಿತ್ತು. ಎದುರು ಮನೆಯವರದು ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ಯಜಮಾನ್ತಿ ಒಬ್ಬಳೇ, ದಪ್ಪ ಧ್ವನಿಯ ಹೆಂಗಸು. ಮರುದಿನ ಮುಂಜಾನೆ ನಾನೇ ಹೋಗಿ ಕೇಳಿದೆ.

"ಅಕ್ಕಾರ, ಇಲ್ಲಿ ಕಸ ಎಲ್ಲಿ ಚೆಲ್ತಾರ್ರಿ?"

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇದ್ದವರನ್ನ ಎಬ್ಬಿಸಿ ಮನಿ ಹಿಡಿಯಾಕ ಗೊತ್ತೈತಿ, ಕಸ ಚೆಲ್ಲಾಕ ಗೊತ್ತಿಲ್ಲೇನು?" ಅಂದು ಒಳಗೆ ಹೋದಳು.

ಯಾರನ್ನು ಎಬ್ಬಿಸಿದೆವು, ಯಾವಾಗ, ನನಗೆ ಒಂದೂ ತಿಳಿಯಲಿಲ್ಲ. ಗಂಡನನ್ನು ಕೇಳಿದರೆ ಆತನಿಗೂ ಗೊತ್ತಿರಲಿಲ್ಲ. ಮನೆ ಖಾಲಿ ಆಗುತ್ತದೆ ಅಂತ ಮಾಲೀಕ ಹೇಳಿದ್ದ, ಈತ ಹೂಂ ಅಂದಿದ್ದ, ಅಷ್ಟೇ. "ಹೊಸಬರು ಅಂತ ಏನೋ ಅಂದಿರ್ತಾಳ, ಬಿಡು" ಅಂದ.

ಬಿಡಲಿಕ್ಕೆ ಅವರು ಬಿಡಬೇಕಲ್ಲ. ಓಣಿಗೆಲ್ಲ ಒಂದೇ ನಳ, ಆಂಜನೇಯನ ಗುಡಿಯ ಪಕ್ಕ. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಮುಂಜಾನೆಯಿಂದಲೇ ಕೊಡ ಸಾಲಿಗೆ ಇಡಬೇಕು. ನಾನು ನಡುವೆ ಇಟ್ಟ ಕೊಡ ಮನೆಗೆ ಹೋಗಿ ಬರುವಷ್ಟರಲ್ಲಿ ಕೊನೆಗೆ ಹೋಗಿರುತ್ತಿತ್ತು. ಕೇಳಿದರೆ, "ಗಾಳಿಗೆ ಹೋಗಿರಬೇಕು" ಅನ್ನುತ್ತಿದ್ದರು. ಒಂದು ದಿನ ನಳದಲ್ಲಿ ನೀರು ಬಿಟ್ಟಾಗ ಅವಸರಕ್ಕೆ ಮಗಳನ್ನು ಕೂಗಿದೆ. ನಮ್ಮ ಮನೆಮಾತು ಕನ್ನಡವೇ. ಆದರೆ ಗುರುಮಠಕಲ್ ಕಡೆಯ ನಾಲಿಗೆ ಅವಸರದಲ್ಲಿ ತೆಲುಗಿಗೆ ಜಾರುತ್ತದೆ. "ನೀಳ್ಳು ವಚ್ಚಿನಯ್!" ಅಂದುಬಿಟ್ಟೆ, ನೀರು ಬಂತು ಅಂತ. ಅಲ್ಲಿಗೆ ನನ್ನ ನಾಮಕರಣ ಆಯಿತು. ಅಂದಿನಿಂದ ನಾನು ಹೊರಗೆ ಬಂದರೆ ಸಾಕು, ಹಿಂದಿನಿಂದ ಯಾವುದಾದರೂ ಮಗುವಿನ ದನಿ: "ವಚ್ಚಿನಯ್, ವಚ್ಚಿನಯ್." ತಾಯಂದಿರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಮಗಳು ಶಾಲೆಯಿಂದ ಅಳುತ್ತ ಬಂದಳು. ಅಲ್ಲಿಯೂ ಆ ಹೆಸರು ತಲುಪಿತ್ತು.

ನಾನೂ ಸುಮ್ಮನಿರುವ ಪೈಕಿ ಅಲ್ಲ. ಗಿರಣಿಯಾಕೆಯ ಸೊಸೆ ನನ್ನ ಕಣ್ಣೆದುರೇ ನನ್ನ ಕೊಡವನ್ನು ಕಾಲಿನಿಂದ ಸರಿಸಿದಾಗ, ನಳದ ಕೆಳಗಿದ್ದ ಅವರ ತುಂಬಿದ ಕೊಡವನ್ನು ಎತ್ತಿ ಅಲ್ಲೇ ಬೋರಲು ಹಾಕಿದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ತೆಲುಗು ಅವರಿಗೆ ತಿಳಿಯಲಿಲ್ಲ. ಆದರೆ ಬೈಗುಳ ಯಾವುದು ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಅವರು ನಾಲ್ಕು ಜನ, ನಾನೊಬ್ಬಳು. ಸೀರೆಯೆಲ್ಲ ನೆನೆದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

"ಸ್ವಲ್ಪ ಹೊಂದ್ಕೊಂಡು ಹೋಗಬಾರದಾ?" ಅಂದ ಗಂಡ.

"ಯಾರ ಜೋಡಿ ಹೊಂದ್ಕೊಳ್ಳಲಿ? ಬಾಗಿಲ ಜೋಡೀನ?"

ಆತ ಸುರಪುರದ ಟ್ರಿಪ್ಪಿಗೆ ಹೊತ್ತಾಯಿತು ಅಂತ ಹೊರಟುಹೋದ.

ಕೆಲವು ವಾರ ಕಳೆದ ಮೇಲೆ ಬಸುರಿಯಾಗಿದ್ದ ಅದೇ ಸೊಸೆಯ ಕುಬಸ, ಸೀಮಂತದ ಕಾರ್ಯ, ಬಂತು. ಕುಂಕುಮದ ಬಟ್ಟಲು ಹಿಡಿದ ಹೆಂಗಸರು ಓಣಿಯ ಆ ತುದಿಯಿಂದ ಮನೆ ಮನೆಗೆ ಕರೆಯುತ್ತ ಬರುವುದು ಕಾಣಿಸಿತು. ಕುಬಸಕ್ಕೆ ಕರೆಯದೆ ಇರುವುದಿಲ್ಲ, ಎಂಥ ಜಗಳವಿದ್ದರೂ ಕರೆಯುತ್ತಾರೆ ಅಂತ ನಾನು ತಿಳಿದಿದ್ದೆ. ಮುಖ ತೊಳೆದೆ, ಬೇರೆ ಸೀರೆ ಉಟ್ಟೆ. ಟ್ರಂಕಿನಿಂದ ಹಸಿರು ಖಣ ತೆಗೆದು ಇಟ್ಟೆ, ಬಸುರಿಗೆ ಕೊಡಲು. ನನ್ನ ಎಡಗಡೆಯ ಮನೆಯವರಿಗೆ ಕುಂಕುಮ ಹಚ್ಚಿದರು. ನಾನು ಹೊಸ್ತಿಲಿಗೆ ಬಂದೆ. ಅವರು ನನ್ನ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದು ಬಲಗಡೆಯ ಮನೆಗೆ ಹೋದರು. ನನ್ನ ಮನೆ ಅಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ. ನಾನು ಖಣ ಮಡಚಿ ಮತ್ತೆ ಟ್ರಂಕಿಗೆ ಹಾಕಿದೆ. ಅಂದು ಸಂಜೆಯವರೆಗೂ ಎದುರು ಮನೆಯ ಹಾಡು ಕೇಳುತ್ತ ಕುಳಿತೆ. ಅಳು ಬರಲಿಲ್ಲ. ಅವರೆಲ್ಲರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಲಿ ಅಂತ ಮನಸ್ಸಿನಲ್ಲೇ ಶಾಪ ಹಾಕಿದೆ. ಅದಕ್ಕಿಂತ ದೊಡ್ಡ ಶಾಪ ಹೊಳೆಯಲಿಲ್ಲ.

ಆ ಓಣಿಗೆ ವಾರಕ್ಕೊಮ್ಮೆ ವಯಸ್ಸಾದ ಮುಸ್ಲಿಂ ಹೆಂಗಸೊಬ್ಬರು ಬರುತ್ತಿದ್ದರು. ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದರು, ಅಕ್ಕ ಅಂತ. ಹಳೆ ಸೀರೆಗಳನ್ನು ಒಯ್ದು ಕೌದಿ ಹೊಲಿದು ತಂದುಕೊಡುವುದು ಅವರ ಕೆಲಸ. ಬಂದವರು ಗಿರಣಿಯಾಕೆಯ ಕಟ್ಟೆಯ ಮೇಲೆ ಕೂರುತ್ತಿದ್ದರು, ಹೆಂಗಸರೆಲ್ಲ ಸುತ್ತ ಸೇರುತ್ತಿದ್ದರು. ನಾನು ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ಆಪಾ ಮಾತ್ರ ನನ್ನ ಕಡೆ ನೋಡುತ್ತಿದ್ದರು. ನನ್ನನ್ನಲ್ಲ, ನನ್ನ ಹಿಂದಿನ ಬಾಗಿಲನ್ನು.

ರಂಜಾನ್ ಹಬ್ಬದ ಮೊದಲು ಒಂದು ಮಧ್ಯಾಹ್ನ ಆಪಾ ಕಟ್ಟೆಯಿಂದೆದ್ದು ನೇರ ನನ್ನ ಅಂಗಳಕ್ಕೆ ಬಂದರು. ಕಟ್ಟೆಯ ಮೇಲಿನ ಹೆಂಗಸರೆಲ್ಲ ಕತ್ತು ಚಾಚಿದರು.

"ಮದರಂಗಿ ಎಲಿ ಬೇಕು," ಅಂದರು ಆಪಾ. "ಮೊಮ್ಮಗಳಿಗಿ."

ಕೇಳುವ ದನಿಯೇ ಅಲ್ಲ ಅದು. ನನಗೂ ಮೈ ಉರಿಯಿತು. "ನನ್ನ ಅಂಗಳದಾಗಿನ ಗಿಡ. ಕೇಳಿ ತಗೋಬೇಕ್ರಿ."

"ನಾ ಹಚ್ಚಿದ ಗಿಡ. ನಿನ್ನ ಯಾಕ ಕೇಳ್ಲಿ?"

ಆಗ ನನಗೆ ಒಮ್ಮೆಗೇ ತಿಳಿಯಿತು. ಎಬ್ಬಿಸಿದ್ದು ಇವರನ್ನು. ಉಳಿದದ್ದು ಆಮೇಲೆ ಅವರೇ ಹೇಳಿದ್ದು: ಆಪಾ ಈ ಮನೆಗೆ ಹೊಸ ಸೊಸೆಯಾಗಿ ಬಂದವರು. ಗಂಡ ಸತ್ತದ್ದು ಇಲ್ಲಿ, ಹೆಣ್ಣುಮಕ್ಕಳ ನಿಕಾ ಆದದ್ದು ಇಲ್ಲಿಂದ. ನೌಕರಿಯವರು ಬರುತ್ತಾರೆ ಅಂತ ಮಾಲೀಕ ಅವರಿಗೆ ಜಾಗ ಖಾಲಿ ಮಾಡು ಅಂದಿದ್ದ. ನನ್ನ ಗಂಡನೇ ಮಾಲೀಕನ ಕಿವಿ ಕಚ್ಚಿ ಮನೆ ಬಿಡಿಸಿದ ಅಂತ ಓಣಿಯೆಲ್ಲ ನಂಬಿತ್ತು.

"ನಮಗ ಗೊತ್ತಿರಲಿಲ್ಲರಿ ಆಪಾ," ಅಂದೆ. "ಮನಿ ಖಾಲಿ ಆಗ್ತೈತಿ ಅಂದ್ರು, ಬಂದೀವಿ."

"ಗೊತ್ತಿದ್ರ ಬರ್ತಿರಲಿಲ್ಲೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬರ್ತಿದ್ವೇನೋ. ನಮಗೂ ಮನಿ ಬೇಕಾಗಿತ್ತಲ್ರಿ."

ಆಪಾ ನನ್ನನ್ನು ಆಗ ಮೊದಲ ಸಲ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಕರೆಯದೇ ಒಳಗೆ ಹೊಕ್ಕರು. ಅಡುಗೆಮನೆಯ ಮೂಲೆಗೆ ಹೋಗಿ ತಲೆಯೆತ್ತಿ ಮಾಳಿಗೆ ನೋಡಿದರು. "ಮಳಿ ಬಂದ್ರ ಇಲ್ಲಿ ಸೋರ್ತದ. ಬಕೀಟು ಇಡು, ಸಣ್ಣ ಡಬ್ರಿ ಸಾಕಾಗಲ್ಲ." ಹಿತ್ತಲ ಗೋಡೆಗೆ ಕೈ ತೋರಿಸಿದರು. "ಬ್ಯಾಸಗ್ಯಾಗ ಇದರಾಗಿಂದ ಚೇಳು ಬರ್ತಾವ." ಹೇಳುವಾಗ ಅವರ ಮುಖದಲ್ಲಿ ಬಹಳ ಸಂತೋಷವಿತ್ತು. ನನಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅವರು ಮುಖ ಸಿಂಡರಿಸಿದರು, ಆದರೆ ಕುಳಿತರು. ಅವರದು ರೋಜಾದ ಉಪವಾಸ, ಚಹಾ ಕೊಡುವಂತಿರಲಿಲ್ಲ. ಹೋಗುವಾಗ ನಾನೇ ಎಲೆ ಕಿತ್ತು ಅವರ ಸೆರಗಿಗೆ ಹಾಕಿದೆ.

ಹಬ್ಬದ ಮರುದಿನ ಆಪಾ ಡಬ್ಬಿಯಲ್ಲಿ ಹಾಲು ಶಾವಿಗೆಯ ಸುರಕುಂಬಾ ತಂದರು. ಅಂದು ನಮ್ಮ ಮನೆಯ ಚಹಾ ಕುಡಿದರು. ಹೊರಬಿದ್ದಾಗ ಗಿರಣಿಯಾಕೆ ಕಾದಿದ್ದಳು.

"ಏನ್ ಆಪಾ, ಆಕಿ ಮನ್ಯಾಗ ಚಾ ಕುಡದ್ಯಂತಲ್ಲ? ನಿನ್ನ ಸಲುವಾಗಿ ನಾವೆಲ್ಲ ಆಕಿ ಕೂಡ ಮಾತು ಬಿಟ್ಟೀವಿ."

"ನನ್ನ ಸಲುವಾಗಿ ಮಾತು ಬಿಟ್ರಿ," ಅಂದರು ಆಪಾ. "ಮಾಲೀಕ ಬಂದು ಬಾಗಲ್ದಾಗ ನಿಂತಾಗ ನನ್ನ ಸಲುವಾಗಿ ಮಾತಾಡಿದವರು ಯಾರು? ನನ್ನ ಸಾಮಾನು ಟಂಟಂ ಆಟೋದಾಗ ಏರಿಸೋ ಮುಂದ ಕೈ ಹಚ್ಚಿದವರು ಯಾರು? ಎಲ್ಲಾರೂ ಬಾಗಲ ಹಾಕ್ಕೊಂಡಿದ್ರಿ."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಉತ್ತರ ಹೊಳೆಯದವರಿಗೆ ಬರುವ ಸಿಟ್ಟು ದೊಡ್ಡದು. ಗಿರಣಿಯಾಕೆ ಹೊಲಿಯಲು ಕಟ್ಟಿಟ್ಟಿದ್ದ ಹಳೆ ಸೀರೆಗಳ ಗಂಟನ್ನು ಒಳಗೆ ಒಗೆದು, "ಕೌದಿ ಬ್ಯಾಡ ನಮಗ" ಅಂದಳು. ಮುಂದಿನ ವಾರ ಇನ್ನೆರಡು ಮನೆಯವರೂ ಬೇಡ ಅಂದರು. ಆಪಾ ಕಟ್ಟೆಯ ಮೇಲೆ ಕೂರುವುದು ನಿಂತಿತು. ಅವರು ಓಣಿಗೆ ಬಂದರೆ ನನ್ನ ಮನೆಗೇ ಬರುತ್ತಿದ್ದರು. ಅವರಿಗೂ ಬೇರೆ ಮನೆ ಉಳಿಯಲಿಲ್ಲ, ನನಗೂ ಬೇರೆ ಜನ ಇರಲಿಲ್ಲ. ನಮ್ಮ ಸ್ನೇಹ ಆದದ್ದು ಹೀಗೆ. ಒಬ್ಬರನ್ನೊಬ್ಬರು ಮೆಚ್ಚಿ ಅಲ್ಲ. ನನ್ನ ರೊಟ್ಟಿಯ ಅಂಚು ದಪ್ಪ ಅಂತ ಅವರು ಇವತ್ತಿಗೂ ಬೈಯುತ್ತಾರೆ. ಅವರು ಹೊಲಿಯುವಾಗ ನನಗೆ ಸೂಜಿ ಪೋಣಿಸುವ ಕೆಲಸ ಮಾತ್ರ. ಅದರಲ್ಲೂ ತಪ್ಪು ಹುಡುಕುತ್ತಾರೆ.

ಓಣಿಯವರು ಬದಲಾದರು ಅಂತ ಬರೆಯಲಾರೆ. ನನ್ನ ಕೊಡ ಈಗ ಇಟ್ಟಲ್ಲೇ ಇರುತ್ತದೆ. ಗಿರಣಿಯಾಕೆಯ ಸೊಸೆಗೆ ಮಗು ಆಯಿತು, ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ದೂರದ ಗಿರಣಿಗೆ ಜೋಳ ಹೊತ್ತು ಸಾಕಾಗಿ ಒಂದು ದಿನ ಎದುರು ಮನೆಗೇ ಒಯ್ದೆ. "ಸಣ್ಣಗ ಬೇಕೋ, ಉರುಟು ಬೇಕೋ?" ಅಂತ ಕೇಳಿದಳು. "ಸಣ್ಣಗ" ಅಂದೆ. ಇಷ್ಟು ವರ್ಷಕ್ಕೆ ನಮ್ಮಿಬ್ಬರ ನಡುವಿನ ಮಾತು ಅದೊಂದೇ.

ಆಪಾ ಈಗಿರುವುದು ಊರಿನ ಆ ತುದಿಯಲ್ಲಿ, ತಮ್ಮ ಜನರೇ ಇರುವ ಓಣಿಯಲ್ಲಿ. ಅಲ್ಲಿ ಅವರಿಗೆ ಸುಖ ಇರಬೇಕು ಅಂದುಕೊಂಡಿದ್ದೆ. ಮೂರು ವರ್ಷದ ಮೇಲೆ ಮೊದಲ ಸಲ ಹೋದಾಗ ನಳದ ಹತ್ತಿರ ಒಬ್ಬ ಹೆಂಗಸು ಆಪಾ ಅವರ ಕೊಡವನ್ನು ಪಕ್ಕಕ್ಕೆ ಎತ್ತಿಡುತ್ತಿದ್ದಳು. "ಹೊಸಬರು ಹಿಂದ ನಿಲ್ಲಬೇಕು" ಅಂತ ದಖ್ಖನಿ ಉರ್ದುವಿನಲ್ಲಿ ಗೊಣಗುತ್ತಿದ್ದಳು. ಆಪಾ ಸುಮ್ಮನೆ ನಿಂತಿದ್ದರು. ನಮ್ಮ ಓಣಿಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದವರು ಇವರೇನಾ ಅನ್ನಿಸಿತು. ನಾನು ನುಗ್ಗಿ ಕೊಡವನ್ನು ಮೊದಲಿನ ಜಾಗಕ್ಕೆ ಇಟ್ಟೆ. ಬೈದೆ, ಆಕೆಯೂ ಬೈದಳು. ಜನ ಸೇರಿದರು.

ಆಪಾ ನನ್ನ ರಟ್ಟೆ ಹಿಡಿದು ಮನೆಯೊಳಗೆ ಎಳೆದರು. "ನಿನಗ ಬುದ್ಧಿ ಐತೇನು? ನೀ ಜಗಳ ಮಾಡಿ ಹೋಗ್ತಿ. ನಾ ಇಲ್ಲೇ ಇರಬೇಕಲ್ಲ!"

"ಅನ್ನಿಸ್ಕೊಂಡು ಇರ್ತೀರೇನು?"

"ನೀ ಮೂರು ವರ್ಷ ಅನ್ನಿಸ್ಕೊಂಡಿಲ್ಲೇನು?" ಅಂದರು. ತಟ್ಟೆ ಹಾಕಿ ಖಿಚಡಿ, ಹುಣಸೆಯ ಖಟ್ಟಾ ಬಡಿಸಿದರು. ಹೊರಗೆ ಆ ಹೆಂಗಸು ಇನ್ನೂ ಕೂಗುತ್ತಿದ್ದಳು. ಬಾಗಿಲು ಹಾಕಲು ನಾನು ಎದ್ದೆ.

"ನಕ್ಕೋ, ಹಾಕಬ್ಯಾಡ, ತೆರದಿರಲಿ," ಅಂದರು ಆಪಾ. "ನಮ್ಮ ಮನಿಗೂ ಬರೋರು ಇದ್ದಾರ ಅಂತ ಕಾಣಲಿ. ನೀ ಕೂತು ಉಣ್ಣು."