ನೀರಿನ ಪಾಳಿಯ ಪಟ್ಟಿ

ಎಂ.ಎ. ಮುಗಿಸಿ ಹೊಸಪೇಟೆಗೆ ಬಂದು ಎರಡು ವರ್ಷ ಖಾಲಿ ಕೂತಿದ್ದೆ. ಎಂಬತ್ತರ ದಶಕದ ಕೊನೆ ಇರಬೇಕು. ದೊಡ್ಡವರಿಗೆ ಓದುಬರಹ ಕಲಿಸುವ ಸಂಸ್ಥೆಯೊಂದು ಸ್ವಯಂಸೇವಕರ ಸಂಯೋಜಕನನ್ನು ಹುಡುಕುತ್ತಿತ್ತು. ಮೊದಲು ಊರೂರಿನ ಜನರನ್ನು ಕೂಡಿಸಿ ತೋರಿಸು, ಹುದ್ದೆ ನಿನ್ನದೇ ಎಂದರು ಅಲ್ಲಿಯ ಹಿರಿಯರು.

ಕಂಪ್ಲಿ ಕಡೆ ನಾಲ್ಕು ಸಭೆ ಕರೆದೆ. ಒಬ್ಬರೂ ಬರಲಿಲ್ಲ. ಕಲಿಸಲು ಒಪ್ಪಿದ್ದ ಅಕ್ಕ ಒಬ್ಬರು ಗದ್ದೆಯ ಬದುವಿನಿಂದಲೇ ಕೂಗಿದರು:

"ಅಷ್ಟೆಲ್ಲಾ ಓದೀರಿ, ಇಷ್ಟು ತಿಳೀವಲ್ದೇನ್ರಿ? ಇವತ್ತು ನಮ್ಮ ಕಾಲುವಿ ಪಾಳಿ. ನೀರು ಬಿಟ್ಟು ನಿಮ್ಮ ಮೀಟಿಂಗಿಗೆ ಯಾರ್ ಬರ್ತಾರ್ರಿ?"

ಅಂದಿನಿಂದ ಸೈಕಲ್ಲಿನಲ್ಲಿ ತಿರುಗಿ, ಯಾವ ಊರಿಗೆ ಯಾವ ದಿನ ನೀರು ಎಂದು ಕೇಳಿ ಪಟ್ಟಿ ಮಾಡಿದೆ. ಸಂಡೂರಿನ ಕಡೆಗೆ ಗಣಿಯ ಶಿಫ್ಟು ನೋಡಿ ಬರೆದೆ. ಪಾಳಿ ಇಲ್ಲದ ದಿನ ಕರೆದಾಗ ಜನ ಬಂದರು.

ಎಂ.ಎ. ಓದುವಾಗ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಸಂಡೂರಿನ ಗೆಳೆಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಆ ಪಟ್ಟಿ ನೋಡಿದ. "ಭಾರಿ ಮಾಡೀದಿ ಬಿಡಲೇ!" ಎಂದ. ಪಟ್ಟಿ ಎರಡು ದಿನಕ್ಕೆಂದು ಅವನ ಹತ್ತಿರ ಹೋಯಿತು. ಅವನೇ ಕೇಳಿದನೋ, ಹೊಗಳಿಕೆಗೆ ಉಬ್ಬಿ ನಾನೇ ಕೈಗಿಟ್ಟೆನೋ, ಈಗ ಖಚಿತವಿಲ್ಲ. ಕೆಲವು ಸಲ ಪಟ್ಟಿಗೆ ಚಾಚಿದ ಅವನ ಎಣ್ಣೆಗೈ ನೆನಪಾಗುತ್ತದೆ, ಕೆಲವು ಸಲ ಅದನ್ನು ನೀಡಿದ ನನ್ನದು.

ಸಂಸ್ಥೆಯವರು ಹುದ್ದೆಗೆ ಹೆಸರಿಗೊಂದು ಸಂದರ್ಶನ ಇಟ್ಟರು. ಆ ದಿನ ಅವನೂ ಇಸ್ತ್ರಿ ಅಂಗಿ ಹಾಕಿಕೊಂಡು ಬೆಂಚಿನ ಮೇಲಿದ್ದ. "ಸುಮ್ನ ನೋಡೋಣಂತ ಬಂದೀನಿ ಮಾರಾಯ," ಎಂದ. ಅವನ ಸರದಿ ಮುಗಿದು ನಾನು ಒಳಗೆ ಹೋದಾಗ ಮೇಜಿನ ಮೇಲೆ ನನ್ನ ಪಟ್ಟಿಯಿತ್ತು, ಅವನ ಕೈಬರಹದಲ್ಲಿ.

"ಇದು ನಾನು ಮಾಡಿದ್ದು ಸರ್."

"ಈಗ ಹೋದವರೂ ಹಂಗ ಅಂದ್ರಲ್ರಿ!" ಎಂದು, ಹುದ್ದೆ ನಿನ್ನದೇ ಎಂದಿದ್ದ ಆ ಹಿರಿಯರೇ ನಕ್ಕರು. ಪಟ್ಟಿಗಾಗಿ ತಿರುಗುವಾಗ ನನ್ನ ಸೈಕಲ್ಲಿಗೆ ಗಾಳಿ ಹೊಡೆಸಿಕೊಟ್ಟಿದ್ದವರು ಅವರು.

ಹುದ್ದೆ ಅವನಿಗಾಯಿತು. ಮುಂದಿನ ಬೆಳೆಗೆ ಕಾಲುವೆಯ ಪಾಳಿ ಬದಲಾಯಿತು. ಅವನು ಹಳೆಯ ಪಟ್ಟಿ ನೋಡಿಯೇ ಕಂಪ್ಲಿಯ ಸಭೆಗೆ ದಿನ ಗೊತ್ತುಮಾಡಿದ. ಸಭೆಗೆ ಕರೆದ ಕಾಗದವನ್ನು ಕಚೇರಿಯ ಬಾಗಿಲಿಗೆ ಅಂಟಿಸಿದ್ದನ್ನು ನಿಂತು ಓದಿದೆ. ಆ ದಿನ ಈಗ ಕಂಪ್ಲಿಯ ಪಾಳಿ, ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಅವನಿಗೆ ಹೇಳಲಿಲ್ಲ.

ಕೆಲವು ವಾರದ ಮೇಲೆ ಕಂಪ್ಲಿ ಸಂತೆಯಲ್ಲಿ ಆ ಅಕ್ಕ ಸಿಕ್ಕರು.

"ಸಂಯೋಜಕರು ಕರ್ದಾರ ಅಂತ ಕಾಗದ ಬಂತು. ನೀವೇ ಅಂದ್ಕೊಂಡೆ. ಪಾಳಿ ದಿನ ನೀವು ಕರ್ಯೋರಲ್ಲ, ಕರ್ದಾರಂದ್ರ ಏನೋ ಭಾಳ ಜರೂರು ಅಂತ ನೀರು ಬಿಟ್ಟು ಬಂದೆ. ನಾನೊಬ್ಬಾಕಿನೇ ಕುಂತಿದ್ದೆ ನೋಡ್ರಿ."

ಅವರ ಗದ್ದೆ ಆ ಸುತ್ತಿನ ನೀರು ಕಳೆದುಕೊಂಡಿತ್ತು. ಗೆಳೆಯ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಅವರಿಗೆ ಹೇಳಿದೆ. ಕಾಗದವನ್ನು ನಾನು ಮೊದಲೇ ಓದಿದ್ದೆನೆಂದು ಮಾತ್ರ ಹೇಳಲಿಲ್ಲ.

"ಪಾಪ, ನಿಮಗ ಭಾಳ ಮೋಸ ಆತು ಬಿಡ್ರಿ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿ ಬಸ್ಸು ಹತ್ತಿದರು.