ಬಿಚ್ಚಿದ ಹೊಲಿಗೆಗೆ ಯಾರ ಕೈ ಕಾರಣ

ಆ ದಿನ ಬೆಳಿಗ್ಗೆ ನಳದ ನೀರು ಹಿಡಿದೆ. ತುಳಸಿ ಎಲೆಯ ಮೇಲೆ ಕೂತಿದ್ದ ಸಿಮೆಂಟಿನ ಧೂಳು ತೊಳೆದೆ. ಅವ್ವನಿಗೆ ಚಹಾ, ಬಿ.ಪಿ. ಗುಳಿಗೆ ಕೊಟ್ಟೆ. ಬಟ್ಟೆ ಒಗೆದು ಹರವಿದೆ. ಅವ್ವನ ಸೀರೆಗೂ ನನ್ನ ಸೀರೆಗೂ ಇಸ್ತ್ರಿ ಹಾಕಿದೆ. ಶಹಾಬಾದಿನ ಸಭಾಂಗಣಕ್ಕೆ ಫೋನ್ ಮಾಡಿ ಕುರ್ಚಿ ಬಂದವೇ, ಮೈಕ್ ಸರಿಯಿದೆಯೇ ಎಂದು ವಿಚಾರಿಸಿದೆ. ಕೊನೆಗೆ ಒಬ್ಬ ಡಾಕ್ಟರಿಗೆ ಫೋನ್ ಹಚ್ಚಿ, ಬಹಳ ನಯವಾಗಿ, "ಸರ್, ಇವತ್ತ ಬರೋದು ಮರೀಬ್ಯಾಡ್ರಿ" ಎಂದೆ. ಆ ಮನುಷ್ಯನ ಮೇಲೆ ಆರು ವರ್ಷದಿಂದ ಹಗೆ ಸಾಕಿಕೊಂಡಿದ್ದೆ. ಅದನ್ನು ತೀರಿಸಿಕೊಳ್ಳುವ ದಿನ ಅದು.

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಹೆರಿಗೆ ವಾರ್ಡಿನಲ್ಲಿ ಬಹುಕಾಲ ಸ್ಟಾಫ್ ನರ್ಸ್ ಆಗಿದ್ದ ನಾನು, ಒಂದು ವೈದ್ಯಕೀಯ ಅಧ್ಯಯನಕ್ಕೆ ಫೀಲ್ಡ್ ಸೂಪರ್‌ವೈಸರ್ ಆಗಿ ಸೇರಿದ್ದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಊರುಗಳ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಆದ ತಾಯಂದಿರು ಮನೆಗೆ ಹೋದ ಮೇಲೆ ಹೇಗಿದ್ದಾರೆ, ಮಕ್ಕಳು ಹೇಗಿದ್ದಾವೆ ಎಂದು ನೋಡುವುದು ನಮ್ಮ ಕೆಲಸ. ಮುಖ್ಯವಾಗಿ ನೋಡುತ್ತಿದ್ದದ್ದು 'ವೂಂಡ್ ಗೇಪ್', ಅಂದರೆ ಹೊಟ್ಟೆಯ ಹೊಲಿಗೆ ಕೀವಾಗಿ ಬಿಚ್ಚಿಕೊಳ್ಳುವುದು.

ನಾನು ಆ ಕೆಲಸಕ್ಕೆ ಸೇರಿದ್ದೇ ನನ್ನ ತಂಗಿ ಮಹಾದೇವಿಯ ಕಾರಣಕ್ಕೆ. ಆಕೆಯ ಚೊಚ್ಚಲ ಹೆರಿಗೆ ಇವೇ ಊರುಗಳ ಪೈಕಿ ಒಂದರ ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಮುಂಚೆಯೇ ದಿನ ಗೊತ್ತುಪಡಿಸಿ ಮಾಡಿದ ಸಿಸೇರಿಯನ್. ಅಲ್ಲಿಂದ ಕುರಕುಂಟಾಕ್ಕೆ, ತವರಿಗೆ ಬಂದಳು. ನಮ್ಮ ಕಡೆ ಬಾಣಂತಿಗೆ ಹಳೆ ಸೀರೆಯಿಂದ ಹೊಟ್ಟೆ ಬಿಗಿಯಾಗಿ ಸುತ್ತುತ್ತಾರೆ. ಅವ್ವ ನೀಲಮ್ಮ ಊರಿನ ಅರ್ಧ ಬಾಣಂತಿಯರಿಗೆ ಎರೆದು, ಸುತ್ತಿ ಹೆಸರಾದವಳು, ಮಗಳಿಗೂ ಸುತ್ತಿದಳು. ನಾಲ್ಕಾರು ದಿನಕ್ಕೆ ಹೊಲಿಗೆಯಿಂದ ಕೀವು ಬಂತು, ಜ್ವರ ಬಂತು. ಮತ್ತೆ ಅದೇ ಆಸ್ಪತ್ರೆಗೆ ಒಯ್ದೆವು. ತಾಯಿ ಒಳಗೆ, ಕೂಸು ಹೊರಗೆ. ಬಾಟಲಿ ಹಾಲು ಕುಡಿದ ಕೂಸಿಗೆ ಭೇದಿ ಹತ್ತಿ ಅದೂ ಅಡ್ಮಿಟ್ ಆಯಿತು.

ವಾರ್ಡಿನ ನಡುವೆ ನಿಂತು ಡಾಕ್ಟರು, ಚಿತ್ತಾಪುರದಿಂದ ಬಂದಿದ್ದ ಬೀಗರ ಮುಂದೆಯೇ, "ನಾ ಛಲೋ ಹೊಲದು ಕಳಿಸಿದ್ದೆ. ಈ ಮುದುಕಿ ಹೊಲಸು ಅರಿಬಿ ಸುತ್ತಿ ಕೊಳಸ್ಯಾಳ" ಅಂದರು.

ಮಹಾದೇವಿಯ ಅತ್ತೆ ಸುಭದ್ರಮ್ಮ ಆ ಮಾತನ್ನು ಜೋಪಾನವಾಗಿ ಮನೆಗೆ ಒಯ್ದರು. ಸೊಸೆಯನ್ನು ತವರಿಗೆ ಕಳಿಸಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲು ಅವ್ವ ಹೋದರೆ, "ಕೈ ತೊಳಕೊಂಡ್ರೇನ್ರಿ ಬೀಗತೇರ" ಅನ್ನುತ್ತಿದ್ದರು, ನಾಲ್ಕು ಮಂದಿಗೆ ಕೇಳುವಂತೆ. ಅವ್ವ ಯಾವ ಬಾಣಂತಿಯನ್ನೂ ಮುಟ್ಟುವುದು ಬಿಟ್ಟಳು. ಅಧ್ಯಯನ ಮುಗಿಯುವ ಹೊತ್ತಿಗೆ ಮಹಾದೇವಿ ಮತ್ತೆ ಏಳು ತಿಂಗಳ ಗರ್ಭಿಣಿ. ಈ ಸಲ ಬಾಣಂತನಕ್ಕೆ ತವರಿನ ಹೆಸರೇ ಎತ್ತಬಾರದೆಂದು ಸುಭದ್ರಮ್ಮ ಹೇಳಿಯಾಗಿತ್ತು.

ಕೆಲಸ ಶುರುವಾದ ದಿನವೇ ನಾನು ನಮ್ಮ ಮುಖ್ಯ ಸಂಶೋಧಕಿಗೆ, ನಾವು ಮೇಡಂ ಅನ್ನುತ್ತಿದ್ದ ಡಾಕ್ಟರಿಗೆ, ಇದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಹಂಗಾದ್ರ ಆ ದವಾಖಾನಿ ಪೇಶಂಟ್ ಗಾಯ ನೀವು ನೋಡಂಗಿಲ್ರಿ. ನಮ್ಮ ಇನ್ನೊಬ್ಬ ನರ್ಸ್, ವಾಡಿ ರೇಷ್ಮಾ ನೋಡ್ತಾಳ. ಯಾವ ದವಾಖಾನಿ ಅಂತ ಆಕಿಗೂ ಹೇಳಂಗಿಲ್ಲ" ಅಂದರು. ಇದಕ್ಕೆ 'ಬ್ಲೈಂಡಿಂಗ್' ಅನ್ನುತ್ತಾರೆ. ಗಾಯವನ್ನು ಅಳೆಯುವವರಿಗೆ ಅದು ಎಲ್ಲಿಯದೆಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಮನಸ್ಸಿನ ಮಾತು ಕೇಳುತ್ತದೆ. ನನಗೆ ಸಿಟ್ಟು ಬಂತು. ಆ ಗಾಯಗಳನ್ನು ನೋಡುವುದಕ್ಕೇ ಅಲ್ಲವೇ ನಾನು ಬಂದದ್ದು.

ಉಳಿದ ಆಸ್ಪತ್ರೆಗಳ ತಾಯಂದಿರ ಮನೆಗೆ ಬಸ್ಸು, ಆಟೋ ಹಿಡಿದು ಹೋದೆ. ಎಲ್ಲರಿಗೂ ಒಂದೇ ಪ್ರಶ್ನೆಗಳು: ಸ್ನಾನ ಎಂದು? ಹಾಲು ಎಂದು ಬಂತು? ಆಪರೇಷನ್‌ಗೆ ಮೊದಲು ಕೂದಲು ತೆಗೆದರೇ, ಯಾವುದರಿಂದ, ಯಾವಾಗ? ಹೊಟ್ಟೆಗೆ ಬಟ್ಟೆ ಸುತ್ತಿದಿರಾ, ಎಂದಿನಿಂದ? ಈ ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡೋಣ ಅನ್ನಿಸುತ್ತಿತ್ತು, ಆದರೂ ಕೇಳುತ್ತಿದ್ದೆ. ಸುತ್ತಿದವರ ಹೊಲಿಗೆಯೇ ಹೆಚ್ಚು ಬಿಚ್ಚಿದ್ದರೆ, ಡಾಕ್ಟರು ಹೇಳಿದ್ದೇ ಖರೆ. ಆಗ ಅವ್ವನ ಮುಖ ನಾನು ಹೇಗೆ ನೋಡಲಿ?

ಚಿಂಚೋಳಿಯ ಕಡೆ ಒಬ್ಬ ಅಜ್ಜಿ ನನ್ನನ್ನೇ ಗದರಿಸಿದಳು. "ಸುತ್ತೀವಿ ಮತ್ತ. ಸುತ್ತದಿದ್ರ ಸೊಂಟ ನಿಂದ್ರತದೇನ? ನಿನ್ನ ಹೊಟ್ಟಿ ನೋಡಿದ್ರ ನಿಮ್ಮವ್ವ ಸುತ್ತಿಲ್ಲಂತ ಕಾಣ್ತದ." ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಹೊಲಿಗೆ ನೋಡಿದೆ; ಗೆರೆ ಎಳೆದಂತೆ ಒಣಗಿತ್ತು. ಆ ಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಆದರೆ ಮುಂದಿನ ವಾರವೇ ಸೇಡಂನಲ್ಲಿ ಸುತ್ತಿದ ಹೊಟ್ಟೆಯೊಂದು ಕೀವಾಗಿದ್ದು ಕಂಡು ಆ ಧೈರ್ಯವೂ ಹೋಯಿತು. ವರ್ಷಪೂರ್ತಿ ಹೀಗೇ ಏರಿಳಿತ.

ಲೆಕ್ಕ ಮುಗಿದ ದಿನ ಮೇಡಂ ನಮ್ಮನ್ನು ಕೂರಿಸಿಕೊಂಡು ಹೇಳಿದರು. ನಾವು ನೋಡಿದ ತಾಯಂದಿರಲ್ಲಿ ಬಟ್ಟೆ ಸುತ್ತಿದವರಿಗೂ ಸುತ್ತದವರಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಬ್ಲೇಡಿನಲ್ಲಿ. ಕೆಲವು ಆಸ್ಪತ್ರೆಗಳಲ್ಲಿ ಹಿಂದಿನ ಸಂಜೆಯೇ ಬ್ಲೇಡಿನಿಂದ ಕೂದಲು ಬೋಳಿಸಿ ಮಲಗಿಸುತ್ತಿದ್ದರು. ಬ್ಲೇಡು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ರಾತ್ರಿಯೆಲ್ಲ ಅದರಲ್ಲಿ ರೋಗಾಣು ಬೆಳೆಯುತ್ತದೆ, ಬೆಳಿಗ್ಗೆ ಅದರ ಮೇಲೆಯೇ ಕೊಯ್ಯುತ್ತಾರೆ. ಬ್ಲೇಡು ಬಳಸಬಾರದು, ತೆಗೆಯಲೇಬೇಕಾದರೆ ಚರ್ಮ ಗೀರದ ಕ್ಲಿಪ್ಪರ್ ಯಂತ್ರದಿಂದ ಕತ್ತರಿಸಬೇಕು ಎಂಬುದು ವೈದ್ಯರಿಗೆ ಹೊಸ ಸಂಗತಿಯೇನಲ್ಲ. ಮೇಡಂ ಆಸ್ಪತ್ರೆಗಳ ಹೆಸರು ಹೇಳದೆ ಪಟ್ಟಿ ತೋರಿಸಿದರು. ಅತಿ ಹೆಚ್ಚು ಹೊಲಿಗೆ ಬಿಚ್ಚಿದ್ದು ಯಾವುದರಲ್ಲಿ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಸಿಸೇರಿಯನ್‌ನ ಹಿಂದಿನ ಸಂಜೆ ಮಹಾದೇವಿ "ಕೆಳಗ ಭಾಳ ಉರಿಯಾಕತ್ತದ ಅಕ್ಕ" ಅಂದದ್ದು ನಾನೇ ಕೇಳಿದ್ದೆ.

"ಹೆಸರು ಹಾಕ್ರಿ ಮೇಡಂ" ಎಂದೆ.

"ಹಾಕಿದ್ರ ನಾಳಿಂದ ಯಾವ ದವಾಖಾನಿನೂ ನಮಗ ಬಾಗಿಲು ತೆಗ್ಯಂಗಿಲ್ಲ. ಮಾತು ಕೊಟ್ಟು ಒಳಗ ಹೋಗೀವಿ" ಎಂದರು.

ಹೊರಗೆ ಬಂದ ಮೇಲೆ ರೇಷ್ಮಾ, "ಅಕ್ಕಾ, ನಿಮ್ಮ ಮಾರಿ ನೋಡಿದ್ರ ಯಾರಿಗೋ ಇಂಜೆಕ್ಷನ್ ಕೊಡಾಕ ಹೊಂಟಂಗದ" ಅಂದಳು.

"ಕೊಡ್ತೀನಿ. ಸೂಜಿ ಕಾಣಬಾರದಷ್ಟ" ಎಂದೆ.

ಫಲಿತಾಂಶ ತಿಳಿಸುವ ಸಭೆಯ ಏರ್ಪಾಡು ನನ್ನದಾಗಿತ್ತು. ಡಾಕ್ಟರುಗಳು, ನರ್ಸುಗಳು, ಆಶಾ ಕಾರ್ಯಕರ್ತೆಯರು, ತಾಯಂದಿರು, ಅವರ ಮನೆಯವರು. ಕನ್ನಡದ ಸಾರಾಂಶವನ್ನು ವೇದಿಕೆಯ ಮೇಲೆ ಓದಲು ಒಬ್ಬ ಹಿರಿಯ ವೈದ್ಯರು ಬೇಕಿತ್ತು. ನಾನು ಆ ಡಾಕ್ಟರ ಹೆಸರು ಸೂಚಿಸಿದೆ. ಮೇಡಂ ನನ್ನ ಮುಖವನ್ನೇ ನೋಡಿ, "ಓದೋ ಹಾಳಿ ಒಂದ್ ವಾರ ಮೊದಲೇ ಅವರಿಗೆ ಕಳಸ್ರಿ. ಮೋಸ ಆಗಬಾರದು" ಎಂದರು. ಎಲ್ಲ ಆಸ್ಪತ್ರೆಗಳಿಗೆ ಅವರವರ ವರದಿ, ಆ ಡಾಕ್ಟರಿಗೆ ಅದರ ಜೊತೆಗೆ ಓದಬೇಕಾದ ಸಾರಾಂಶ, ಎಲ್ಲವನ್ನೂ ವಾರ ಮೊದಲೇ ಕಳಿಸಿದೆ. ಅವರು ತೆರೆದು ನೋಡುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ವೇದಿಕೆ, ಹಾರ, ಮೈಕ್ ಇದ್ದರೆ ಸಾಕು ಅವರಿಗೆ.

ಸಭೆಯ ದಿನ ಅವ್ವನನ್ನು ಕರೆದುಕೊಂಡು ಕುರಕುಂಟಾದಿಂದ ಸೇಡಂಗೆ ಬಂದು ರೈಲು ಹತ್ತಿದೆ. ಚಿತ್ತಾಪುರದಲ್ಲಿ ಸುಭದ್ರಮ್ಮ ಮತ್ತು ಮಹಾದೇವಿ ಹತ್ತಿದರು. ಬಸುರಿ ಸೊಸೆಗೆ ಉಪಯೋಗವಾಗುವ ಸಭೆ, ದೊಡ್ಡ ಡಾಕ್ಟರೇ ಮಾತಾಡುತ್ತಾರೆ ಎಂದು ನಾನೇ ಒತ್ತಾಯಿಸಿದ್ದೆ. ಸುಭದ್ರಮ್ಮ ಕಿಟಕಿ ಬದಿ ಕೂತು, "ಅವರು ಖಡಕ್ ಮನಷ್ಯಾ. ಇದ್ದದ್ದು ಇದ್ದಂಗ ಹೇಳ್ತಾರ" ಎಂದರು, ಅವ್ವನ ಕಡೆ ನೋಡದೆ. ಅವ್ವ ಸೆರಗಿನ ಅಂಚು ತಿರುವುತ್ತ ಕೂತಳು.

ಸಭೆಯಲ್ಲಿ ಅವ್ವನನ್ನೂ ಸುಭದ್ರಮ್ಮನನ್ನೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ, ಮಹಾದೇವಿಯನ್ನು ಅವ್ವನ ಇನ್ನೊಂದು ಮಗ್ಗುಲಿಗೆ ಕೂರಿಸಿದೆ. ಡಾಕ್ಟರು ಹಾರ ಹಾಕಿಸಿಕೊಂಡು ಮೈಕಿನ ಮುಂದೆ ಬಂದರು. "ಓದೋಕಿಂತ ಮೊದಲು ಒಂದು ಮಾತು. ನಾವು ಎಷ್ಟ ಛಲೋ ಆಪರೇಷನ್ ಮಾಡಿದ್ರೂ ಮನ್ಯಾಗಿನ ಮುದುಕ್ಯಾರು ಅರಿಬಿ ಸುತ್ತಿ ಹಾಳ ಮಾಡ್ತಾರ" ಎಂದರು. ಕೆಲವರು ನಕ್ಕರು. ಸುಭದ್ರಮ್ಮನೂ ನಕ್ಕರು. ನಾನು ಓದುವ ಹಾಳೆಯನ್ನು ಅವರ ಕೈಗೆ ಕೊಟ್ಟು, ಮೈಕನ್ನು ಇನ್ನಷ್ಟು ಬಾಯಿಯ ಹತ್ತಿರ ಸರಿಸಿದೆ.

ಅವರು ತುಂಬು ದನಿಯಲ್ಲಿ ಓದತೊಡಗಿದರು. "ಹೊಟ್ಟೆಗೆ ಬಟ್ಟೆ ಸುತ್ತುವ ರೂಢಿಗೂ ಹೊಲಿಗೆ ಬಿಚ್ಚಿಕೊಳ್ಳುವುದಕ್ಕೂ ಸಂಬಂಧ ಕಂಡುಬಂದಿಲ್ಲ." ಅಲ್ಲಿ ದನಿ ಸಣ್ಣದಾಯಿತು. ಹಾಳೆಯಿಂದ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಕೈಮುಗಿದು, "ಮುಂದ ಓದ್ರಿ ಸರ್" ಎಂದೆ. ಓದಲೇಬೇಕಾಯಿತು. "ಹೊಲಿಗೆ ಬಿಚ್ಚಿಕೊಂಡ ಪ್ರಕರಣಗಳು ಹೆಚ್ಚಾಗಿ ಕಂಡದ್ದು ಹಿಂದಿನ ಸಂಜೆ ಬ್ಲೇಡಿನಿಂದ ಬೋಳಿಸುವ ಆಸ್ಪತ್ರೆಗಳಲ್ಲಿ. ಈ ಪದ್ಧತಿಯನ್ನು ಕೂಡಲೇ ನಿಲ್ಲಿಸಬೇಕು." ಮಹಾದೇವಿ ಎರಡೂ ಕೈಯಿಂದ ಅವ್ವನ ಕೈ ಹಿಡಿದಳು. ನಾನು ವೇದಿಕೆ ಇಳಿದು ಅವರ ಸಾಲಿನ ಹಿಂದೆ ಬಂದು ನಿಂತು, ಬಗ್ಗಿ, ಸುಭದ್ರಮ್ಮನ ಕಿವಿಯಲ್ಲಿ ಮೆಲ್ಲಗೆ, "ಕೇಳಿಸ್ತೇನ್ರಿ ಅತ್ತಿ? ಇನ್ನೊಂದ್ ಸಲ ಓದಸ್ಲೇನು?" ಎಂದೆ. ಅವರು ತಲೆ ತಗ್ಗಿಸಿದರು. ಆ ಕ್ಷಣದ ಸುಖವನ್ನು ನಾನು ಮುಚ್ಚಿಡುವುದಿಲ್ಲ.

ಊಟದ ಹೊತ್ತಿಗೆ ಡಾಕ್ಟರು ನನ್ನನ್ನು ಬದಿಗೆ ಕರೆದರು. "ಇದು ಯಾವ ದವಾಖಾನಿ ಮಾತು?"

"ಹೆಸರು ಹೇಳಂಗಿಲ್ರಿ ಸರ್. ನಿಮ್ಮ ದವಾಖಾನಿ ವರದಿ ನಿಮಗ ಕಳಿಸೀವಿ. ಹೋಗಿ ತೆಗದು ನೋಡ್ರಿ."

"ನಿಮಗ ನನ್ನ ಮ್ಯಾಲ ಏನರ ಐತೇನು?"

ಅವ್ವನನ್ನು ತೋರಿಸಿದೆ. "ಆಕಿ ಗುರುತು ಸಿಗ್ತೇನ್ರಿ?"

ಅವರು ನೋಡಿದರು. "ಇಲ್ಲ. ಯಾರು?"

ಆರು ವರ್ಷ ನಮ್ಮ ಮನೆಯನ್ನು ಸುಟ್ಟ ಮಾತು ಆಡಿದವರಿಗೇ ನೆನಪಿಲ್ಲ. "ಆಕಿಗಿ ನೀವು ಛಲೋ ನೆನಪದೀರಿ" ಎಂದಷ್ಟೇ ಹೇಳಿ ಬಂದುಬಿಟ್ಟೆ. ಆ ಆಸ್ಪತ್ರೆಯಲ್ಲಿ ಈಗ ಕ್ಲಿಪ್ಪರ್ ಇದೆ ಎಂದು ರೇಷ್ಮಾ ಆಮೇಲೆ ಹೇಳಿದಳು. ಪಶ್ಚಾತ್ತಾಪದಿಂದ ಬಂದದ್ದೋ ಭಯದಿಂದ ಬಂದದ್ದೋ, ಬಾಣಂತಿಯ ಹೊಟ್ಟೆಗೆ ಎರಡೂ ಒಂದೇ.

ಈ ಕೆಲಸ ನನಗೆ ಕಲಿಸಿದ್ದು ಕ್ಷಮೆಯನ್ನಲ್ಲ. ಕ್ಷಮಿಸಿಲ್ಲ. ಸಿಟ್ಟಿದ್ದವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು, ತಮ್ಮವರಿಗೆ ಮುಳುವಾಗಬಹುದಾದ ಪ್ರಶ್ನೆಯನ್ನೂ ಬಿಡಬಾರದು ಎಂಬುದನ್ನು ಕಲಿಸಿತು. ಆ ಗಾಯಗಳನ್ನು ಅಂದು ನಾನೇ ನೋಡಿದ್ದರೆ ಡಾಕ್ಟರು ಒಂದೇ ಮಾತಿನಲ್ಲಿ ನನ್ನನ್ನು ತಳ್ಳಿಹಾಕುತ್ತಿದ್ದರು, ಅವ್ವ ಇವತ್ತಿಗೂ ತಪ್ಪಿತಸ್ಥೆಯಾಗಿಯೇ ಉಳಿಯುತ್ತಿದ್ದಳು.

ಸಂಜೆ ವಾಪಸು ಬರುವಾಗ ಚಿತ್ತಾಪುರದಲ್ಲಿ ಸುಭದ್ರಮ್ಮ ರೈಲು ಇಳಿಯಲಿಲ್ಲ. ಮಹಾದೇವಿಯೊಂದಿಗೆ ಸೇಡಂನಲ್ಲಿ ಇಳಿದು ಕುರಕುಂಟಾಕ್ಕೆ, ನಮ್ಮ ಮನೆಗೇ ಬಂದರು. ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ ಆಗಿತ್ತು. ಸುಭದ್ರಮ್ಮನೇ ಎದ್ದು ಅವ್ವನ ತಾಟಿಗೆ ರೊಟ್ಟಿ ಹಾಕಿ, "ಬಾಣಂತನ ಕುರಕುಂಟಾದಾಗೇ ಆಗ್ಲಿ ಬೀಗತೇರ" ಅಂದರು. ಅವ್ವ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು, ಬಾಯಿಗಿಟ್ಟಳು, ನಿಧಾನಕ್ಕೆ ಅಗಿದಳು. "ಏನಂದ್ರಿ? ಕೇಳಿಸಲಿಲ್ಲ" ಅಂದಳು. ಸುಭದ್ರಮ್ಮ ಮತ್ತೊಮ್ಮೆ, ಇನ್ನೂ ಜೋರಾಗಿ ಹೇಳಿದರು. "ಮೊದಲ ನಿಮ್ಮ ಕೈ ತೊಳಕೊಂಡು ಊಟ ಮಾಡ್ರಿ. ಆಮ್ಯಾಲ ನೋಡೋಣು" ಅಂದಳು ಅವ್ವ. ಆ ರಾತ್ರಿ ಮೊದಲು ನಿದ್ದೆ ಹೋದವಳು ಅವ್ವ, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಸುಭದ್ರಮ್ಮ ಬಹಳ ಹೊತ್ತು ಮಗ್ಗಲು ಬದಲಿಸುತ್ತಿದ್ದರು. ಅದನ್ನು ಕೇಳುತ್ತ ಕೇಳುತ್ತ ನನಗೂ ಹಾಯಾಗಿ ನಿದ್ದೆ ಬಂತು.