ಟ್ಯಾಬಿನಲ್ಲಿ ಅಕ್ಕನ ಹೆಸರು

ದೆವ್ವ, ಮಾಟ ಎಂದರೆ ನಗುತ್ತಿದ್ದವನು ನಾನು. ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಫೋನು ತಾನಾಗಿಯೇ ಕರೆ ಮಾಡುತ್ತದೆ, ಯಾರೋ ಏನೋ ಮಾಡಿಸಿದ್ದಾರೆ ಎಂದು ಹೆದರಿಕೊಂಡು ಬಂದವರನ್ನು ಎಷ್ಟೋ ನೋಡಿದ್ದೇನೆ. ಸಖರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಫೋನಿನ ಕವರಿನೊಳಗೆ ತಾಯತ ಇಟ್ಟುಕೊಂಡೇ ಬಂದಿದ್ದರು. ತಾಯತ ತೆಗೆದು ಅವರ ಕೈಗೆ ಕೊಟ್ಟು, ಡಿಸ್‌ಪ್ಲೇ ಬದಲಾಯಿಸಿ ಕಳಿಸಿದೆ. ಆಮೇಲೆ ಒಂದು ವಾರ ಬಂದವರಿಗೆಲ್ಲ ಆ ಕತೆ ಹೇಳಿ ನಗಿಸಿದೆ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನಗೊಂದು ಹುಚ್ಚಿದೆ. ಕಂಪನಿಯವರು ಕೈಬಿಟ್ಟ ಹಳೆಯ ಫೋನು, ಟ್ಯಾಬುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಕೂರಿಸುವುದು. ಅದರ ಕೋಡನ್ನು ಜಗತ್ತಿನ ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು. ಕಾಲೇಜು ಮೆಟ್ಟಿಲು ಹತ್ತದ ನಾನು ಅದನ್ನು ಓದಿ ಓದಿಯೇ ಕಲಿತೆ. ಬಟನ್ ಎಲ್ಲಿರಬೇಕು, ಪರದೆ ಹೇಗೆ ಕಾಣಬೇಕು ಎಂಬುದನ್ನೆಲ್ಲ ನನ್ನ ಇಷ್ಟದಂತೆ ಬದಲಾಯಿಸಬಲ್ಲೆ. ಅದರ ಜಂಬ ನನಗೆ ಸಾಕಷ್ಟು ಇತ್ತು.

ನಮ್ಮ ಮನೆಯ ಟ್ಯಾಬು ಅಡುಗೆಮನೆಯ ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಎಲ್ಲರಿಗೂ ಅದೊಂದೇ. ಒಬ್ಬರದರಲ್ಲಿ ಇನ್ನೊಬ್ಬರು ಕೈಯಾಡಿಸಿ ಜಗಳವಾಗುತ್ತಿತ್ತೆಂದು ಅದರೊಳಗೆ ನನಗೆ, ಹೆಂಡತಿ ನಾಗರತ್ನಳಿಗೆ, ಮಗಳಿಗೆ ಬೇರೆ ಬೇರೆ ಜಾಗ ಮಾಡಿದೆ. ಪರದೆಯ ಮೇಲೆ ಮೂರು ಗುಂಡನೆ ಚಿತ್ರ. ನಿಮ್ಮದನ್ನು ಒತ್ತಿ, ನಿಮ್ಮ ಗುಟ್ಟಿನ ಸಂಖ್ಯೆ ಹಾಕಿದರೆ ನಿಮ್ಮ ಫೋಟೊ, ನಿಮ್ಮ ಹಾಡು ಮಾತ್ರ ಕಾಣುತ್ತವೆ. ಒಬ್ಬರದನ್ನು ಇನ್ನೊಬ್ಬರು ತೆರೆಯಲು ಆಗುವುದಿಲ್ಲ. ಎಷ್ಟು ಜನರಿಗೆ ಜಾಗ ಎಂದು ಕೋಡಿನಲ್ಲಿ ಒಂದು ಸಾಲು ಇದೆ. ಅಲ್ಲಿ ಮೂರು ಎಂದು ಬರೆದೆ.

ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು.

ನಾಲ್ಕನೆಯವಳು ನನ್ನ ಅಕ್ಕ ಗಿರಿಜ. ಹಿರೇನಲ್ಲೂರಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳು ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವ್ವನಿಂದ ಕಲಿತ ಸೋಬಾನೆ ಪದಗಳು ಅವಳಿಗೆ ರಾಶಿ ಬರುತ್ತಿದ್ದವು. ಮಗಳು ರೆಕಾರ್ಡ್ ಮಾಡುವುದನ್ನು ಹೇಳಿಕೊಟ್ಟ ಮೇಲೆ, ಮಧ್ಯಾಹ್ನ ಕೆಲಸ ಮುಗಿಸಿ ಟ್ಯಾಬಿನ ಮುಂದೆ ಕೂತು ಪದ ಹೇಳುವುದನ್ನು ಅಭ್ಯಾಸ ಮಾಡಿಕೊಂಡಳು.

"ನಂಗೂ ಒಂದು ಜಾಗ ಮಾಡ್ಕೊಡಪ್ಪ ಅದ್ರಲ್ಲಿ" ಎಂದು ಒಂದು ದಿನ ಕೇಳಿದಳು.

"ನಿಂಗ್ಯಾಕಕ್ಕ ಅದೆಲ್ಲ? ಅತಿಥಿ ಅಂತ ಐತಲ್ಲ, ಅದನ್ನ ಒತ್ತಿ ನೋಡ್ಕೋ" ಎಂದೆ.

ಅತಿಥಿ ಎಂಬುದು ಮನೆಗೆ ಬಂದುಹೋಗುವವರಿಗೆ ಇಟ್ಟಿರುವ ಜಾಗ. ಬೀಗವಿಲ್ಲ, ಹೆಸರು ಬರೆದುಕೊಳ್ಳುವ ಹಾಗಿಲ್ಲ. ಮನೆಯವರು ಯಾರಾದರೂ ಆಮೇಲೆ ಕೈಗೆತ್ತಿಕೊಂಡು 'ಅತಿಥಿಯನ್ನು ತೆಗೆದುಹಾಕು' ಎಂದು ಒತ್ತಿದರೆ ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾಗರತ್ನ ದಿನಾ ಸಂಜೆ ಅದನ್ನೇ ಮಾಡುತ್ತಿದ್ದಳು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಹೇಳಿದ ಪದಗಳೆಲ್ಲ ಒಳಗೆ ಜೋಪಾನವಾಗಿವೆ ಎಂದುಕೊಂಡಿದ್ದಳು. ಗೊತ್ತಾದ ದಿನ "ಹೋಗ್ಲಿ ಬಿಡು, ನಾಳೆ ಇನ್ನೊಂದ್ಸಲ ಹೇಳಿದ್ರಾಯ್ತು" ಎಂದಳು. ಮರುದಿನವೂ ಹೇಳಿದಳು. ಅದೂ ಅಳಿಸಿಹೋಯಿತು.

ಮೂರನ್ನು ನಾಲ್ಕು ಮಾಡಲು ನನಗೆ ಅರ್ಧ ದಿನದ ಕೆಲಸ. ಮಾಡಲಿಲ್ಲ. ಸೋಮಾರಿತನ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಸುಳ್ಳು ಯಾಕೆ? ಅಜ್ಜಂಪುರದ ದಾರಿಯಲ್ಲಿ ಅಪ್ಪನ ಹೆಸರಿನಲ್ಲಿ ಎರಡು ಎಕರೆ ಜಮೀನಿತ್ತು. ಖಾತೆ ನನ್ನ ಹೆಸರಿಗೆ ಆಗಬೇಕಾದರೆ ಅಕ್ಕ ತನ್ನ ಪಾಲು ಬೇಡವೆಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ನಮ್ಮ ಕಡೆ ಅಕ್ಕತಂಗಿಯರು ಅದನ್ನು ಕೇಳಿದ ಕೂಡಲೇ ಹಾಕಿಕೊಡುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅವರೇ ಹೇಳಿಕೊಳ್ಳುತ್ತಾರೆ. ಇಲ್ಲಿ ತನ್ನದೆನ್ನುವುದು ಒಂದಿದೆ ಎಂದು ಅವಳಿಗೆ ಯಾವ ರೂಪದಲ್ಲೂ ಅನ್ನಿಸಬಾರದು ಎಂಬುದು ನನ್ನ ಲೆಕ್ಕವಾಗಿತ್ತು. ಇಷ್ಟು ಸಣ್ಣ ಮನುಷ್ಯ ನಾನು.

ಕೊನೆಗೊಂದು ದಿನ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದೆ. ಅಕ್ಕ ಓದು ಬಲ್ಲವಳು, ಆದರೂ ಪತ್ರವನ್ನು ಓದಲಿಲ್ಲ. "ಎಲ್ಲಿ ಹಾಕ್ಬೇಕು ತೋರ್ಸಪ್ಪ" ಎಂದು ಕೇಳಿ, ತೋರಿಸಿದ ಕಡೆಯೆಲ್ಲ ಹಾಕಿದಳು.

ಅವಳನ್ನು ಮನೆಗೆ ಬಿಟ್ಟು ಅಂಗಡಿಗೆ ಹೋಗಿ, ಸಂಜೆ ವಾಪಸು ಬಂದಾಗ ನಾಗರತ್ನ ಮೆಲ್ಲಗೆ ಹೇಳಿದಳು: "ಅತ್ತಿಗೆ ಹಿತ್ತಲಲ್ಲಿ ಕುಂತ್ಕಂಡು ಟ್ಯಾಬಿನಲ್ಲಿ ಏನೋ ಹೇಳ್ತಿದ್ರು ಕಣ್ರೀ. ಪದ ಅಲ್ಲ, ಮಾತು. ತುಂಬಾ ಹೊತ್ತು. ನಾನು ಹೋದ ತಕ್ಷಣ ನಿಲ್ಲಿಸ್ಬಿಟ್ರು."

ಟ್ಯಾಬು ಗೂಡಿನಲ್ಲಿತ್ತು. ತೆಗೆದು ಕೇಳಬಹುದಿತ್ತು. ಕೇಳುವ ಧೈರ್ಯವಾಗಲಿಲ್ಲ. 'ಅತಿಥಿಯನ್ನು ತೆಗೆದುಹಾಕು' ಎಂಬುದನ್ನು ಒತ್ತಿದೆ. ಎಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಪರದೆ ಕೇಳಿತು. ಆಗಬಹುದು ಎಂದು ನಾನೇ ನನ್ನ ಬೆರಳಿನಿಂದ ಒತ್ತಿದೆ.

ಅಕ್ಕ ಮತ್ತೆ ಆ ಟ್ಯಾಬನ್ನು ಮುಟ್ಟಲಿಲ್ಲ. ನಾಲ್ಕು ತಿಂಗಳಿಗೆ ಎದೆನೋವೆಂದು ಮಲಗಿದವಳು ಏಳಲಿಲ್ಲ. ಶಾಪ ಹಾಕಿದ್ದಳೋ, ಹರಸಿದ್ದಳೋ, ತೀರಿಹೋದ ಅವ್ವನ ಹತ್ತಿರ ಹೇಳಿಕೊಂಡು ಅತ್ತಿದ್ದಳೋ? ಆವತ್ತು ಅವಳು ಏನು ಹೇಳಿದಳು ಎಂಬುದೊಂದೇ ನನ್ನ ತಲೆಯನ್ನು ಕೊರೆಯತೊಡಗಿತು. ಉಣ್ಣುವಾಗಲೂ ಅದೇ, ಅಂಗಡಿಯಲ್ಲಿ ಸ್ಕ್ರೂ ಬಿಚ್ಚುವಾಗಲೂ ಅದೇ.

ಅವಳ ವರ್ಷದ ತಿಥಿ ಕಳೆದ ಮೇಲಿನ ಭಾನುವಾರ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೆ. ಆಪರೇಟಿಂಗ್ ಸಿಸ್ಟಂನ ಹೊಸ ಕೋಡು ಬಂದಿತ್ತು, ಅದನ್ನು ಮನೆಯ ಟ್ಯಾಬಿಗೆ ಹಾಕುತ್ತಿದ್ದೆ. ಆ ಅತಿಥಿ ಎಂಬ ಪದವನ್ನು ನೋಡಲಾಗುತ್ತಿರಲಿಲ್ಲ. ಅದು ಪರದೆಯ ಮೇಲೆ ಬಾರದ ಹಾಗೆ ಕೋಡಿನಿಂದಲೇ ಕಿತ್ತುಹಾಕಿದ್ದೆ. ಟ್ಯಾಬನ್ನು ಪೂರ್ತಿ ಅಳಿಸಿ, ಹೊಸದನ್ನು ತುಂಬಿ, ನನ್ನ ಹೆಸರೊಂದನ್ನೇ ಹಾಕಿ ಶುರು ಮಾಡಿದೆ. ಹೊತ್ತು ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಡೂರಿನ ಬಸ್ಸಿಗೆ ಜನ ಕೂಗಾಡುತ್ತಿದ್ದರು.

ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು ನನ್ನದು. ಇನ್ನೊಂದರ ಕೆಳಗೆ ಕನ್ನಡದಲ್ಲಿ 'ಗಿರಿಜ' ಎಂದಿತ್ತು.

ನನ್ನದೇ ತಪ್ಪಿರಬೇಕೆಂದು ಟ್ಯಾಬನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಒಳಗೆ ಪ್ರತಿ ಜಾಗಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಅತಿಥಿಯನ್ನು ಅಳಿಸಿ ಮತ್ತೆ ತೆರೆದಾಗಲೆಲ್ಲ ಹೊಸ ಸಂಖ್ಯೆ ಬೀಳುತ್ತದೆ. ಪೂರ್ತಿ ಅಳಿಸಿದ ಟ್ಯಾಬಿನಲ್ಲಿ, ಮಾಲೀಕನನ್ನು ಬಿಟ್ಟರೆ, ಅದು ಹತ್ತರಿಂದ ಶುರುವಾಗಬೇಕು. ಅಕ್ಕನ ಹೆಸರಿನ ಮುಂದೆ ನೂರ ಹದಿನಾಲ್ಕು ಎಂದಿತ್ತು, ಅತಿಥಿಯನ್ನು ನೂರಕ್ಕೂ ಹೆಚ್ಚು ಸಲ ಅಳಿಸಿ ತೆರೆದರೆ ಬೀಳುವ ಸಂಖ್ಯೆ. ಆ ಜಾಗ ಖಾಲಿಯೂ ಇರಲಿಲ್ಲ. ಎಷ್ಟೋ ಗಂಟೆ ರೆಕಾರ್ಡ್ ಮಾಡಿದರೆ ತುಂಬುವಷ್ಟು ತುಂಬಿತ್ತು.

ಊಟದ ಡಬ್ಬಿ ತಂದ ನಾಗರತ್ನಳೂ ನೋಡಿದಳು. ನೋಡಿದವಳೇ, "ಸತ್ತೋರ ಹೆಸರು ಇಟ್ಕಂಡು ಆಟ ಆಡ್ತೀರಾ?" ಎಂದು ಬೈದಳು.

"ನಾನ್ ಮಾಡಿಲ್ಲ ಕಣೇ. ನಿನ್ನಾಣೆ."

ಅವಳು ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತಳು.

ಒತ್ತಿದೆ. ನಾಲ್ಕು ಅಂಕಿಯ ಸಂಖ್ಯೆ ಕೇಳಿತು. ಹುಟ್ಟಿದ ದಿನವಿರಬೇಕು ಎಂದುಕೊಂಡೆ. ನನಗೆ ಗೊತ್ತಿರಲಿಲ್ಲ. ಆಧಾರ್ ಮಾಡಿಸುವಾಗ ಜನವರಿ ಒಂದು ಎಂದು ನಾನೇ ಬರೆಸಿದ್ದೆ, ದಿನ ತಿಳಿಯದವರಿಗೆ ಹಾಕಿಸುವ ತಾರೀಖು ಅದು. ಅದನ್ನೇ ಹಾಕಿದೆ. ತಪ್ಪು. ನನ್ನ ಮದುವೆಯ ತಾರೀಖು ಹಾಕಿದೆ. ಮಗಳು ಹುಟ್ಟಿದ ವರ್ಷ ಹಾಕಿದೆ. ಅಂಗಡಿಯ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಿದೆ. ಜಮೀನಿನ ಖಾತೆ ಆದ ದಿನವನ್ನೂ ಹಾಕಿದೆ. ಐದೂ ತಪ್ಪೆಂದಿತು. ಇನ್ನು ಊಹೆ ಮಾಡುತ್ತಾ ಕೂತರೆ ಎಲ್ಲಿ ಅಳಿಸಿಹೋಗುತ್ತದೋ ಎಂದು ಭಯವಾಗಿ, ಟ್ಯಾಬನ್ನು ಚಾರ್ಜಿಗೆ ಹಾಕಿ, ಬಾಗಿಲಿಗೆ ಬೀಗ ಜಡಿದು ಹಿರೇನಲ್ಲೂರಿಗೆ ಹೊರಟೆ.

ಭಾವನ ತಮ್ಮ ಬಸಪ್ಪ ಕಣದಲ್ಲಿದ್ದರು. ಅಕ್ಕ ಹುಟ್ಟಿದ ದಿನ ಯಾವುದು ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿದರು.

"ಕೊಟ್ಟ ಮನೆಯೋರನ್ನ ಬಂದು ಕೇಳ್ತೀರಲ್ಲ ಮಾರಾಯ್ರೆ? ಬೆನ್ನಿಗೆ ಹುಟ್ಟಿದ ತಮ್ಮ ನೀವು. ನಿಮಗೇ ಗೊತ್ತಿಲ್ವಾ?"

ಕಾಫಿ ಕುಡಿಯದೆ ಎದ್ದು ಬಂದೆ. ಅಂಗಡಿಗೆ ಬಂದಾಗ ಬೀಗ ಹಾಕಿದಂತೆಯೇ ಇತ್ತು, ಟ್ಯಾಬೂ ಇಟ್ಟಲ್ಲೇ ಇತ್ತು. ಪರದೆಯ ಮೇಲೆ ನನ್ನ ಚಿತ್ರ ಮಾತ್ರ ಇತ್ತು. ಒಳಗೆ ಜಾಗವೂ ಇಲ್ಲ, ಸಂಖ್ಯೆಯೂ ಇಲ್ಲ.

ಕಡೂರಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಗೆಳೆಯ ಇಮ್ತಿಯಾಜ್‌ಗೆ ಎಲ್ಲ ಹೇಳಿದೆ. ನಾನು ತಿದ್ದಿದ ಕೋಡನ್ನು ಸಾಲು ಸಾಲಾಗಿ ಓದಿದ. "ಹಳೇದು ಸರಿಯಾಗಿ ಅಳಿಸಿಲ್ಲ ಕಣೋ, ಅಷ್ಟೇ" ಎಂದ. ಹಾಗಿದ್ದರೆ ಅತಿಥಿಗೆ ಹೆಸರು ಎಲ್ಲಿಂದ ಬಂತು, ಆ ಹೆಸರಿಗೆ ಗುಟ್ಟಿನ ಸಂಖ್ಯೆಯ ಬೀಗ ಹಾಕಿದವರು ಯಾರು ಎಂದು ಕೇಳಿದೆ. ಅವನು ಕೋಡನ್ನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದ. ನಾಗರತ್ನ ನೋಡಿರದಿದ್ದರೆ ತಲೆ ಕೆಟ್ಟಿತ್ತು ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆದರೆ ನಿದ್ದೆ ಕೆಡಿಸುವುದು ಅದಲ್ಲ. ಬಾಗಿಲು ಎದುರಿಗೇ ಇತ್ತು, ನನಗೆ ಐದು ಅವಕಾಶ ಸಿಕ್ಕಿತು. ಆ ಐದರಲ್ಲಿ ನನ್ನ ಮದುವೆ, ನನ್ನ ಮಗಳು, ನನ್ನ ಅಂಗಡಿ, ನನ್ನ ಜಮೀನು. ಅಕ್ಕನದೆಂದು ಹಾಕಿದ್ದು ಒಂದೇ, ಅದನ್ನೂ ನಾನೇ ಸುಳ್ಳು ಬರೆಸಿದ್ದೆ.